ಹೊಲಿಗೆಗೆ ಕೂಲಿ ಇದೆ, ಕಲ್ಪನೆಗೆ ಬೆಲೆ ಇಲ್ಲವೇ?

ಒಂದು ಕೌದಿಯ ಬೆಲೆಯನ್ನು ನಾವು ಹೇಗೆ ಲೆಕ್ಕ ಹಾಕುತ್ತೇವೆ? ಬಟ್ಟೆಗೆ ಇಷ್ಟು, ನೂಲಿಗೆ ಇಷ್ಟು, ಹೊಲಿದ ದಿನಗಳಿಗೆ ಇಷ್ಟು ಎಂದು ಕೂಡಿಸುತ್ತೇವೆ. ಬಟ್ಟೆ ಹಳೆಯದಾಗಿದ್ದರೆ ಆ ಬಾಬ್ತನ್ನೂ ಕೈಬಿಡುತ್ತೇವೆ. ಆದರೆ ಯಾವ ತುಂಡಿನ ಪಕ್ಕದಲ್ಲಿ ಯಾವ ತುಂಡು ಬರಬೇಕು, ಅಂಚಿಗೆ ಯಾವ ಬಣ್ಣ, ನಡುವಿಗೆ ಯಾವ ಬಣ್ಣ ಎಂದು ನಿರ್ಧರಿಸಿದ ಬುದ್ಧಿಗೆ ನಮ್ಮ ಲೆಕ್ಕದಲ್ಲಿ ಒಂದು ಸಾಲೂ ಇಲ್ಲ. ಅದನ್ನು ನಿರ್ಧರಿಸಿದವಳು ಹೆಚ್ಚಾಗಿ ಹೊಲಿದವಳೇ ಆಗಿರುತ್ತಾಳೆ. ಆಕೆಗೆ ಸಿಗುವುದು ಮಾತ್ರ ಹೊಲಿಗೆಯ ಕೂಲಿ. ವಿನ್ಯಾಸಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಇದೊಂದು ಸಣ್ಣ ಸಂಗತಿಯೆಂದು ತಳ್ಳಿಹಾಕುವ ಮುನ್ನ, ಇದೇ ಕೆಲಸಕ್ಕೆ ಬೇರೆಡೆ ಯಾವ ಸ್ಥಾನವಿದೆ ಎಂಬುದನ್ನು ನೋಡುವುದು ಒಳಿತು.

ಅಮೆರಿಕದಲ್ಲಿ ಕ್ವಿಲ್ಟ್ ವಿನ್ಯಾಸವೆಂಬುದು ಒಂದು ವೃತ್ತಿ. ಇಂಡಿಯಾನಾ ರಾಜ್ಯದ ಮೇರಿಯನ್ ಎಂಬ ಪಟ್ಟಣದಲ್ಲಿದ್ದ ಮೇರಿ ವೆಬ್‌ಸ್ಟರ್ ಎಂಬ ಗೃಹಿಣಿಯ ಕ್ವಿಲ್ಟ್‌ಗಳ ಚಿತ್ರಗಳು 1911ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ ಪ್ರಕಟವಾದವು. ಆ ನಮೂನೆಗಳು ಬೇಕೆಂದು ಓದುಗರು ಪತ್ರ ಬರೆದಾಗ, ಆಕೆ ನಕ್ಷೆಗಳನ್ನು ಅಂಚೆಯ ಮೂಲಕ ಅರ್ಧ ಡಾಲರ್‌ಗೆ ಮಾರತೊಡಗಿದರು. 1915ರಲ್ಲಿ ಕ್ವಿಲ್ಟ್‌ಗಳ ಇತಿಹಾಸ ಕುರಿತ ಪುಸ್ತಕವನ್ನೂ ಹೊರತಂದರು. ಕ್ಯಾನ್ಸಸ್ ಸಿಟಿ ಸ್ಟಾರ್ ಎಂಬ ದಿನಪತ್ರಿಕೆಯಂತೂ 1928ರಿಂದ 1961ರವರೆಗೆ ಕ್ವಿಲ್ಟ್ ನಮೂನೆಗಳನ್ನು ಪ್ರಕಟಿಸುತ್ತಾ ಬಂದಿತು. ಗಮನಿಸಬೇಕಾದುದೇನೆಂದರೆ, ಮೇರಿ ವೆಬ್‌ಸ್ಟರ್ ಮಾರಿದ್ದು ಕ್ವಿಲ್ಟನ್ನು ಮಾತ್ರವಲ್ಲ, ಅದನ್ನು ಹೇಗೆ ರಚಿಸಬೇಕೆಂಬ ತಮ್ಮ ಯೋಚನೆಯನ್ನು.

ಇಂದಿಗೂ ಅಲ್ಲಿ ವಿನ್ಯಾಸಗಾರ್ತಿಯ ದಿನಚರಿ ಇದರ ಸುತ್ತಲೇ ಸಾಗುತ್ತದೆ. ಆಕೆ ಮೊದಲು ಕಾಗದದ ಮೇಲೋ ಕಂಪ್ಯೂಟರಿನಲ್ಲೋ ನಕ್ಷೆ ಬಿಡಿಸುತ್ತಾಳೆ. ಪ್ರತಿ ತುಂಡಿಗೂ ಹೊಲಿಗೆಯ ಅಂಚಿಗಾಗಿ ಕಾಲಿಂಚು ಬಿಡಬೇಕು. ಪ್ರತಿ ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಪಾಲು ತಪ್ಪಿದರೂ ಹದಿನಾರು ಹೊಲಿಗೆಗಳ ಸಾಲಿನಲ್ಲಿ ಒಂದಿಡೀ ಇಂಚು ತಪ್ಪುತ್ತದೆ, ಮೂಲೆಗಳು ಕೂಡುವುದಿಲ್ಲ. ಯಾವ ಬಣ್ಣದ ಬಟ್ಟೆ ಎಷ್ಟು ಗಜ ಬೇಕು, ಎಷ್ಟು ತುಂಡು ಕತ್ತರಿಸಬೇಕು, ಯಾವುದನ್ನು ಮೊದಲು ಜೋಡಿಸಬೇಕು ಎಂಬುದನ್ನೆಲ್ಲಾ ಆಕೆ ಬರೆಯುತ್ತಾಳೆ. ಆ ಬರಹವನ್ನು ಬೇರೆಯವರ ಕೈಗೆ ಕೊಟ್ಟು, ಅದರಂತೆ ಹೊಲಿಸಿ, ತಪ್ಪುಗಳನ್ನು ತಿದ್ದುತ್ತಾಳೆ. ಬಳಿಕವಷ್ಟೇ ಮಾರಾಟ. ಹಾಗೆಂದು ಅದು ಸುಖದ ಸುಪ್ಪತ್ತಿಗೆಯೇನೂ ಅಲ್ಲ. ಒಬ್ಬರು ಕೊಂಡ ನಕ್ಷೆಯನ್ನು ಹತ್ತು ಮಂದಿ ನಕಲು ಮಾಡಿಕೊಂಡರೆ ಹತ್ತು ಪಾಲಿನ ಸಂಪಾದನೆ ಹೋಯಿತು. ಆದ್ದರಿಂದಲೇ ಅನೇಕರು ತರಗತಿ ನಡೆಸಿ, ಪುಸ್ತಕ ಬರೆದು ಬದುಕು ಸಾಗಿಸುತ್ತಾರೆ. ಆದರೂ ಆಕೆಯ ಕೆಲಸಕ್ಕೊಂದು ಹೆಸರಿದೆ, ಬೆಲೆಯಿದೆ.

ಈಗ ನಮ್ಮ ನಾಡಿಗೆ ಬರೋಣ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಸಿದ್ದಿ ಸಮುದಾಯದವರು ನೆಲೆಸಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಅವರಲ್ಲಿ ಅನೇಕರು ಗುಲಾಮರಾಗಿ ತರಲ್ಪಟ್ಟವರ, ಸಂತತಿ ಇದು. ಅವರಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅಲ್ಲಿನ ಮಹಿಳೆಯರು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಬಟ್ಟೆಯ ತುಂಡುಗಳನ್ನು ಒಂದು ಮೂಲೆಯಿಂದ ಜೋಡಿಸುತ್ತಾ, ಅಂಚಿನಗುಂಟ ಸುತ್ತು ಬರುತ್ತಾ, ಕೊನೆಗೆ ನಡುವನ್ನು ತಲುಪುವುದು ಅದರ ಕ್ರಮ. ನಾಲ್ಕು ಮೂಲೆಗಳಿಗೆ ಮಡಿಚಿದ ತ್ರಿಕೋನದ ಫೂಲ, ಅಂದರೆ ಹೂವು, ಇಡದಿದ್ದರೆ ಕವಂದಿ ಪೂರ್ತಿಯಾಗುವುದಿಲ್ಲ. ಕೆಲವು ಮುಸ್ಲಿಮ್ ಮನೆಗಳ ಕವಂದಿಯಲ್ಲಿ ಅರ್ಧಚಂದ್ರ ಕಾಣಿಸುತ್ತದೆ, ಕ್ರೈಸ್ತರ ಮನೆಗಳದ್ದರಲ್ಲಿ ಶಿಲುಬೆ.

ಈ ಕೆಲಸದಲ್ಲಿ ಕಾಗದವಿಲ್ಲ, ಅಳತೆಪಟ್ಟಿಯಿಲ್ಲ. ಹಾಗಾದರೆ ವಿನ್ಯಾಸವೂ ಇಲ್ಲವೆನ್ನೋಣವೇ? ಅಂಚಿನಿಂದ ಒಳಕ್ಕೆ ಸಾಗುವ ಕೆಲಸದಲ್ಲಿ ಮೊದಲ ಸುತ್ತಿನ ನಿರ್ಧಾರ ಕೊನೆಯ ಸುತ್ತನ್ನು ಕಟ್ಟಿಹಾಕುತ್ತದೆ. ನಡುವಿನಲ್ಲಿ ಉಳಿಯುವ ಜಾಗ ಯಾವ ಆಕಾರದ್ದು, ಅದಕ್ಕೆ ಯಾವ ಬಣ್ಣ ಉಳಿಸಿಕೊಳ್ಳಬೇಕು ಎಂಬುದನ್ನು ಆರಂಭದಲ್ಲೇ ಕಾಣಬಲ್ಲ ಕಣ್ಣು ಬೇಕು. ಅದಲ್ಲದೆ, ಹೊಸ ಬಟ್ಟೆಯಾದರೆ ಎಲ್ಲವೂ ಒಂದೇ ಹದದ್ದು. ಹಳೆಯ ಬಟ್ಟೆ ಹಾಗಲ್ಲ. ಒಂದು ಸವೆದಿದೆ, ಇನ್ನೊಂದು ಬಣ್ಣ ಬಿಡುತ್ತದೆ, ಮತ್ತೊಂದು ಒಗೆದಾಗ ಕುಗ್ಗುತ್ತದೆ. ಎಳೆದಾಡುವ ಜಾಗಕ್ಕೆ ಗಟ್ಟಿ ತುಂಡು, ಮೈಗೆ ತಾಗುವಲ್ಲಿ ಮೆತ್ತನೆಯದು ಎಂದು ಆರಿಸುವುದು ಕಲಿತ ವಿದ್ಯೆಯೇ ಹೊರತು ಆಕಸ್ಮಿಕವಲ್ಲ. ಉತ್ತರ ಕರ್ನಾಟಕದ ಊರೂರು ತಿರುಗಿ ಕೌದಿ ಹೊಲಿಯುವ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಹತ್ತಿ ಹಿಂಜಿ ರಜಾಯಿ ಹೊಲಿಯುತ್ತಿದ್ದ ಪಿಂಜಾರ, ನದಾಫ್ ಕುಟುಂಬಗಳೂ ಇದೇ ಸಾಲಿಗೆ ಸೇರುತ್ತವೆ. ಕಾಗದದ ಮೇಲೆ ಬರೆದರೆ ವಿನ್ಯಾಸ, ಮನಸ್ಸಿನಲ್ಲಿ ಬರೆದರೆ ಬರೀ ಹೊಲಿಗೆ ಎಂಬ ನ್ಯಾಯ ಎಲ್ಲಿಯದು?

ವಿಪರ್ಯಾಸವೆಂದರೆ, ಹೊರಗಿನ ಜಗತ್ತು ಇದನ್ನು ನಮಗಿಂತ ಮೊದಲೇ ಗುರುತಿಸಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ಪ್ರೋತ್ಸಾಹದಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕ್ವಿಲ್ಟ್ ಸಹಕಾರಿಯೊಂದು ಆರಂಭವಾಯಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೇ ನಡೆಯಿತು. ಅಲ್ಲಿ ಗೋಡೆಗೇರಿದ್ದು ಕಲಾಕೃತಿ. ಅದೇ ವಸ್ತು ನಮ್ಮ ಮೇಳದ ಮಳಿಗೆಯಲ್ಲಿದ್ದಾಗ ನಾವು ಕೇಳುವುದು, 'ಹಳೆ ಬಟ್ಟೆಗೆ ಇಷ್ಟೊಂದು ಬೆಲೆಯೇ?' ಎಂದು.

ಆದರೆ ಗೋಡೆಗೇರಿದ ಮಾತ್ರಕ್ಕೆ ನ್ಯಾಯ ಸಿಗುತ್ತದೆಂದೂ ಭಾವಿಸಬೇಕಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಮಹಿಳೆಯರ ಕಥೆ ಇದಕ್ಕೆ ಸಾಕ್ಷಿ. ಗುಲಾಮರ ವಂಶಸ್ಥರಾದ ಅವರೂ ಹರಿದ ಬಟ್ಟೆಗಳಿಂದಲೇ ಕ್ವಿಲ್ಟ್ ಹೊಲಿದವರು. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, 1966ರಲ್ಲಿ, ಆ ಭಾಗದಲ್ಲಿ 'ಫ್ರೀಡಮ್ ಕ್ವಿಲ್ಟಿಂಗ್ ಬೀ' ಎಂಬ ಸಹಕಾರಿ ಹುಟ್ಟಿತು. 1972ರಲ್ಲಿ ದೊಡ್ಡ ವ್ಯಾಪಾರ ಸಂಸ್ಥೆಯೊಂದು ದಿಂಬಿನ ಹೊದಿಕೆಗಳ ಗುತ್ತಿಗೆ ಕೊಟ್ಟಿತು. ಖಚಿತ ಕೂಲಿ ಬಂತು. ಆದರೆ ಎಲ್ಲವೂ ಒಂದೇ ಅಚ್ಚಿನವು, ಕಲ್ಪನೆಗೆ ಅಲ್ಲಿ ಜಾಗವಿರಲಿಲ್ಲ. ಉಳಿದ ಚೂರುಗಳನ್ನು ಮನೆಗೊಯ್ದು ಅವರು ತಮ್ಮ ಮನಸ್ಸಿನ ಕ್ವಿಲ್ಟ್‌ಗಳನ್ನು ಹೊಲಿದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಅವರ ಕೃತಿಗಳ ಪ್ರದರ್ಶನವಾಯಿತು. 2006ರಲ್ಲಿ ಅವು ಅಂಚೆಚೀಟಿಯಾದವು. ಮರುವರ್ಷವೇ ಅವರಲ್ಲಿ ಕೆಲವರು, ತಮ್ಮ ಕೃತಿಗಳಿಂದ ಬಂದ ಹಣದಲ್ಲಿ ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. 2008ರಲ್ಲಿ ಆ ವ್ಯಾಜ್ಯಗಳು ಇತ್ಯರ್ಥವಾದವು. 2024ರಲ್ಲಿ ಮತ್ತೊಂದು ಬೃಹತ್ ಅಂಗಡಿ ಸರಣಿ ಅವರ ವಿನ್ಯಾಸಗಳಿಂದ ಪ್ರೇರಿತವಾದ ಸರಕುಗಳನ್ನು ಮಾರಿತು. ಹೆಸರು ಕೊಟ್ಟಿತು, ನಿಜ. ಆದರೆ ಕೊಟ್ಟ ಹಣ ಒಂದು ಸಲದ ನಿಗದಿತ ಮೊತ್ತವಾಗಿತ್ತು, ಮಾರಾಟವಾದ ಪ್ರತಿ ವಸ್ತುವಿನ ಪಾಲಾಗಿರಲಿಲ್ಲ. ಹೆಸರಿಲ್ಲದ ಹಣ ಅರ್ಧ ನ್ಯಾಯವಾದರೆ, ಪಾಲಿಲ್ಲದ ಹೆಸರೂ ಅರ್ಧ ನ್ಯಾಯವೇ.

ನಮ್ಮ ದೇಶದಲ್ಲಿ ಪರಿಸ್ಥಿತಿ ಇನ್ನೂ ಹಿಂದಿನ ಹಂತದಲ್ಲಿದೆ. ಇಲ್ಲಿ ಕೂಲಿಗೇ ಹೋರಾಡಬೇಕು. ಇಳಾ ಭಟ್ಟರು 1972ರಲ್ಲಿ ಸ್ಥಾಪಿಸಿದ ಸೇವಾ ಸಂಘಟನೆ, ಅಹಮದಾಬಾದಿನ ದರಿಯಾಪುರದಲ್ಲಿ ಗಿರಣಿಯ ಚಿಂದಿಗಳಿಂದ ಖೋಳು, ಅಂದರೆ ಹೊದಿಕೆಯ ಗವಸು, ಹೊಲಿಯುತ್ತಿದ್ದ ಮುಸ್ಲಿಮ್ ಮಹಿಳೆಯರನ್ನು 1970ರ ದಶಕದ ಕೊನೆಯಲ್ಲಿ ಒಗ್ಗೂಡಿಸಿತು. ಕೂಲಿ ಹೆಚ್ಚಿಸಿರೆಂದು ಕೇಳಿದ್ದಕ್ಕೆ ವ್ಯಾಪಾರಿಗಳು ಕೆಲಸವನ್ನೇ ನಿಲ್ಲಿಸಿ ಸೇಡು ತೀರಿಸಿಕೊಂಡರು. ಆ ಮಹಿಳೆಯರು ಮಣಿಯಲಿಲ್ಲ. ತಾವೇ ಚಿಂದಿ ಕೊಂಡು, ತಾವೇ ಹೊಲಿದು ಮಾರಿದರು. ಅದರಿಂದಲೇ ಸಬೀನಾ ಎಂಬ ಸಹಕಾರ ಸಂಘ ರೂಪುಗೊಂಡಿತು. ಇದು ಬಡ ಮುಸ್ಲಿಮ್ ಮಹಿಳೆಯರು ತಾವಾಗಿಯೇ ಬರೆದ ಇತಿಹಾಸ. ನಮ್ಮ ವೇದಿಕೆಗಳಲ್ಲಿ ಇದರ ಪ್ರಸ್ತಾಪ ಎಷ್ಟು ಸಲ ಬಂದಿದೆ?

ಮನೆಯೊಳಗೆ ಕೂತು ದುಡಿಯುವ ಮುಸ್ಲಿಮ್ ಮಹಿಳೆಯರ ಪ್ರಮಾಣ ಕಡಿಮೆಯದ್ದೇನಲ್ಲ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ, ದುಡಿಯುವ ಮುಸ್ಲಿಮ್ ಮಹಿಳೆಯರಲ್ಲಿ ಸುಮಾರು 70 ಶೇಕಡಾ ಮಂದಿ ತಮ್ಮ ಮನೆಯಲ್ಲೇ ಕೆಲಸ ಮಾಡುವವರು. ಒಟ್ಟು ಮಹಿಳಾ ದುಡಿಮೆಗಾರರಲ್ಲಿ ಈ ಪ್ರಮಾಣ 51 ಶೇಕಡಾ. ಕೆಲಸ ಮನೆಯೊಳಗಿದ್ದಷ್ಟೂ ಅದು ಕಾನೂನಿನ ಕಣ್ಣಿಗೆ ಬೀಳುವುದು ಕಡಿಮೆ. ಗೃಹಾಧಾರಿತ ದುಡಿಮೆಯ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಅಂಗೀಕರಿಸಿದ 177ನೇ ಒಡಂಬಡಿಕೆಗೆ ಭಾರತ ಈವರೆಗೂ ಒಪ್ಪಿಗೆಯ ಮುದ್ರೆ ಒತ್ತಿಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ ಇದ್ದಾನೆ, ಗೊಂಬೆ ಮಾಡುವವರಿದ್ದಾರೆ, ಮೀನು ಬಲೆ ಹೆಣೆಯುವವರಿದ್ದಾರೆ. ಕೌದಿ ಹೊಲಿಯುವವಳ ಹೆಸರಿಲ್ಲ. ಆಕೆ ದರ್ಜಿಯೆಂದು ಬರೆಸಿಕೊಂಡೇ ಒಳಗೆ ಹೋಗಬೇಕು. ಅಂದರೆ ಸರಕಾರದ ಕಡತದಲ್ಲೂ ಆಕೆ ಸೂಜಿ ಹಿಡಿದ ಕೈ ಮಾತ್ರ.

ಕಾನೂನಿನ ರಕ್ಷಣೆ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಆಕೆಯ ಕೈಗೆಟಕುವ ಎತ್ತರದಲ್ಲಿಲ್ಲ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಹತ್ತು ವರ್ಷ, ಬಳಿಕ ಇನ್ನೈದು ವರ್ಷ ಹಕ್ಕು ದೊರೆಯುತ್ತದೆ. ಆದರೆ ವಿನ್ಯಾಸ ಹೊಸತಾಗಿರಬೇಕು, ಪೇಟೆಗೆ ಬರುವ ಮುನ್ನವೇ ಅರ್ಜಿ ಸಲ್ಲಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮು ಇನ್ನೊಂದು ತೊಡಕು ಒಡ್ಡುತ್ತದೆ. ನೋಂದಣಿಗೆ ಅರ್ಹವಾಗಿಯೂ ನೋಂದಾಯಿಸದ ವಿನ್ಯಾಸವನ್ನು, ಒಡೆಯಳೇ ಆಗಲಿ ಆಕೆಯ ಅನುಮತಿ ಪಡೆದವರಾಗಲಿ ಯಂತ್ರೋದ್ಯಮದ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಪ್ರತಿ ಮಾಡಿದರೆ, ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ತನ್ನ ವಿನ್ಯಾಸವನ್ನು ಹಾಸಿಗೆ ಹೊದಿಕೆಗಳ ಮೇಲೆ ಮುದ್ರಿಸಲು ಆಕೆ ಒಪ್ಪಿದಳೆನ್ನಿ, ಹಣ ಹುಟ್ಟತೊಡಗುವ ಹೊತ್ತಿಗೆ ಹಕ್ಕು ಸಾಯುತ್ತದೆ. ಇನ್ನು ಭೌಗೋಳಿಕ ಗುರುತು ಎಂಬ ರಕ್ಷಣೆ ಒಂದು ಪ್ರದೇಶದ ಹೆಸರನ್ನು ಕಾಯುತ್ತದೆಯೇ ಹೊರತು ಒಬ್ಬಳ ಕಲ್ಪನೆಯನ್ನಲ್ಲ.

'ಇದೆಲ್ಲಾ ಅಜ್ಜಿಯರ ಕಾಲದಿಂದ ಬಂದದ್ದು, ಪರಂಪರೆಗೆ ಒಡೆಯರೆಲ್ಲಿ?' ಎಂಬ ವಾದವೊಂದಿದೆ. ಭಾಷೆಯೂ ಅಜ್ಜಿಯರ ಕಾಲದಿಂದಲೇ ಬಂದದ್ದು. ವ್ಯಾಕರಣ ಎಲ್ಲರದ್ದು. ಆದರೆ ಆ ವ್ಯಾಕರಣದಲ್ಲಿ ಬರೆದ ಕವಿತೆ ಕವಿಯದ್ದಲ್ಲವೇ? ಮೂಲೆಗೆ ಹೂವಿಡುವ ರೂಢಿ ಇಡೀ ಸಮುದಾಯದ್ದು. ಆ ನಾಲ್ಕು ಹೂಗಳ ನಡುವೆ ಈ ಬಣ್ಣಗಳನ್ನು ಹೀಗೆಯೇ ಕೂಡಿಸಿದ್ದು ಒಬ್ಬಳ ನಿರ್ಧಾರ. ಪರಂಪರೆಯ ಹೆಸರಿನಲ್ಲಿ ಆಕೆಯನ್ನು ಅಳಿಸಿಹಾಕುವವರು, ಅದೇ ನಮೂನೆಯನ್ನು ನಗರದ ವಿನ್ಯಾಸಕನೊಬ್ಬ ತನ್ನ ಹೆಸರಿನಲ್ಲಿ ಮಾರಿದಾಗ ಪರಂಪರೆಯನ್ನು ಮರೆಯುತ್ತಾರೆ.

ಕೂಲಿಕಾರನ ಬೆವರಾರುವ ಮುನ್ನ ವೇತನ ಪಾವತಿಸಬೇಕೆಂಬ ಪ್ರವಾದಿ ಬೋಧನೆಯನ್ನು ನಾವು ಮಿಂಬರಿನಿಂದ ಕೇಳುತ್ತಲೇ ಇರುತ್ತೇವೆ. ಹೆಣ್ಣಿನ ಸಂಪಾದನೆ ಹೆಣ್ಣಿನದೇ ಎಂಬುದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ನಮ್ಮದೇ ಗಲ್ಲಿಗಳಲ್ಲಿ ಮನೆಮನೆಗೆ ಬಟ್ಟೆಯ ಗಂಟು ಹಂಚಿ, ತುಂಡಿಗಿಷ್ಟೆಂದು ಎಣಿಸಿ ಕೊಡುವ ಮಧ್ಯವರ್ತಿಯನ್ನು ನಾವು ಪ್ರಶ್ನಿಸಿದ್ದೇವೆಯೇ? ಆತ ನಮ್ಮವನೇ ಆಗಿದ್ದರೂ ಪ್ರಶ್ನಿಸಲೇಬೇಕು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮೊದಲನೆಯದಾಗಿ, ಕೌದಿ, ರಜಾಯಿ ಮಾರುವ ಸ್ವಸಹಾಯ ಗುಂಪುಗಳು ತಮ್ಮ ಲೆಕ್ಕಪುಸ್ತಕದಲ್ಲಿ ಹೊಲಿಗೆಗೊಂದು, ವಿನ್ಯಾಸಕ್ಕೊಂದು ಪ್ರತ್ಯೇಕ ದರ ಬರೆಯಲಿ. ಎರಡನೆಯದಾಗಿ, ಪ್ರತಿ ಕೌದಿಯ ಫೋಟೊ ತೆಗೆದು, ದಿನಾಂಕ ಹಾಗೂ ರಚಿಸಿದವಳ ಹೆಸರಿನೊಂದಿಗೆ ದಾಖಲೆ ಇಡಲಿ. ನಾಳೆ ನಕಲು ಮಾಡಿದವನ ಮುಂದೆ ತೋರಿಸಲು ಒಂದು ಸಾಕ್ಷ್ಯವಾದರೂ ಇರುತ್ತದೆ. ಮೂರನೆಯದಾಗಿ, ಯಾರಾದರೂ ಒಂದು ನಮೂನೆಯನ್ನು ನೂರಾರು ಪ್ರತಿ ಮಾಡಿಸುವುದಾದರೆ, ಒಂದು ಸಲದ ಮೊತ್ತಕ್ಕೆ ಒಪ್ಪದೆ ಪ್ರತಿಯೊಂದರ ಮೇಲೂ ಪಾಲು ಕೇಳಲಿ, ಅದನ್ನು ಬರವಣಿಗೆಯಲ್ಲೇ ಕೇಳಲಿ. ನಮ್ಮ ಜಮಾಅತ್‌ಗಳಲ್ಲಿ ವಕೀಲರಿದ್ದಾರೆ. ಅಂತಹ ಒಂದು ಕರಾರುಪತ್ರವನ್ನು ಸರಳ ಕನ್ನಡದಲ್ಲಿ ಬರೆದುಕೊಡಲು ಅವರಿಗೆ ಒಂದು ಸಂಜೆ ಸಾಕು. ಕೇಂದ್ರ ಜವಳಿ ಸಚಿವಾಲಯ ಕರಕುಶಲಕರ್ಮಿಗಳಿಗೆ ನೀಡುವ ಗುರುತಿನ ಚೀಟಿ ಮಾಡಿಸಿಕೊಡಲು ನಮ್ಮ ಯುವಕರು ಮುಂದೆ ಬರಲಿ. ಸರಕಾರವೂ ವಿಶ್ವಕರ್ಮ ಯೋಜನೆಯ ಪಟ್ಟಿಯನ್ನು ತಿದ್ದಲಿ.

ಹೀಗೆ ಮಾಡಿದರೆ ಬೆಲೆ ಏರಿ ಕೊಳ್ಳುವವರು ಓಡಿಹೋಗುತ್ತಾರೆ ಎಂಬ ಭಯ ಕೆಲವರಿಗಿದೆ. ಜೀಸ್ ಬೆಂಡಿನ ಮಹಿಳೆಯರು 2021ರಲ್ಲಿ ಆನ್‌ಲೈನ್ ಮಾರುಕಟ್ಟೆಯಲ್ಲಿ ತಮ್ಮದೇ ಹೆಸರಿನ ಅಂಗಡಿಗಳನ್ನು ತೆರೆದು, ತಾವೇ ಬೆಲೆ ನಿಗದಿಪಡಿಸಿ ಮಾರತೊಡಗಿದರು. ಕೊಳ್ಳುವವರು ಓಡಿಹೋಗಲಿಲ್ಲ. ಯಾರು ರಚಿಸಿದ್ದೆಂದು ತಿಳಿದರೆ ಕೊಳ್ಳುವವನಿಗೂ ಆ ವಸ್ತುವಿನ ಮೇಲೆ ಗೌರವ ಹೆಚ್ಚುತ್ತದೆ. ನಮ್ಮ ಸಂಘಟನೆಗಳು ಮುಂದಿನ ಸಲ ಮಹಿಳಾ ಮೇಳ ಏರ್ಪಡಿಸಿದಾಗ, ಪ್ರತಿ ಕೌದಿಯ ಮೂಲೆಗೆ ಅದನ್ನು ರಚಿಸಿದವಳ ಹೆಸರು ಹೊಲಿದ ಒಂದು ಬಟ್ಟೆಪಟ್ಟಿ ಇರಲಿ. ಬಿಲ್ಲಿನಲ್ಲಿ ವಿನ್ಯಾಸಕ್ಕೆಂದು ಒಂದು ಸಾಲು ಇರಲಿ. ಅಷ್ಟನ್ನು ಮಾಡಲು ಯಾವ ಕಾನೂನಿಗೂ ಕಾಯಬೇಕಾಗಿಲ್ಲ.