ಸರದಿಯಲ್ಲಿ ಕಾಯಲಾರದ ಶಿಶು

ಸೆರೆಬ್ರಲ್ ಪಾಲ್ಸಿಯಿಂದ ಕಾಲುಗಳು ಬಿಗಿದುಹೋದ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಂದಿಳಿವ ಜೊಲ್ಲನ್ನು ಸೆರಗಿನಿಂದ ಒರೆಸುತ್ತ, ಆಸ್ಪತ್ರೆಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೂ ಕುಳಿತಿರುವ ತಾಯಿಗೆ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 25ನೆಯ ಪ್ರಕರಣವು ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿಯೂ ಚಿಕಿತ್ಸೆಯಲ್ಲಿಯೂ ಆದ್ಯತೆ ದೊರಕಿಸತಕ್ಕದ್ದೆಂದು ಸರಕಾರಗಳಿಗೆ ವಿಧಿಸಿರುವುದನ್ನು ತಿಳಿಸುವವರು ವಿರಳ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿಗಳಲ್ಲಿಯೇ ಕುಂಠಿತ ಬೆಳವಣಿಗೆಯನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಏರ್ಪಾಡನ್ನೇನೋ ಮಾಡಿದೆ. ಆದರೆ ಗುರುತಿಸಿದ ಮಾತ್ರಕ್ಕೆ ಸ್ನಾಯು ಸಡಿಲವಾದೀತೆ? ಮಿದುಳು ಅತಿವೇಗದಿಂದ ಬೆಳೆಯುವ ಮೊದಲ ವರ್ಷಗಳಲ್ಲಿ ಫಿಸಿಯೋಥೆರಪಿಯು ಎಡೆಬಿಡದೆ ನಡೆಯಬೇಕು. ಬಸ್ಸಿನ ಖರ್ಚಿನೊಡನೆ ದಿನಗೂಲಿಯನ್ನೂ ಕಳೆದುಕೊಳ್ಳುವ ಕುಟುಂಬಕ್ಕೆ ಅದು ಸಮೀಪದಲ್ಲಿಯೇ ದೊರೆಯಬೇಕು. ‘ಬೆಳೆಯುತ್ತ ಸರಿಹೋಗುತ್ತದೆ’ ಎಂಬ ಸಾಂತ್ವನಕ್ಕಿಂತ (ಕೆಲವು ವೈದ್ಯರೂ ಇದನ್ನು ಆಡುವುದುಂಟು) ಕ್ರೂರವಾದುದು ಬೇರೊಂದಿಲ್ಲ. ಆರೋಗ್ಯ ಇಲಾಖೆಯು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಗೂ ಮಕ್ಕಳ ಆರೈಕೆಯಲ್ಲಿ ತರಬೇತಾದ ಒಬ್ಬ ಫಿಸಿಯೋಥೆರಪಿಸ್ಟರನ್ನು ಈ ವರ್ಷವೇ ನೇಮಿಸಲಿ.