ಮೂರು ಚಕ್ರದ ಬ್ರೇಕಿಗೆ ನಾಲ್ಕು ಚಕ್ರದ ದುಡ್ಡು

ಹಿಂದಿನ ಎಡಗಡೆ ಚಕ್ರಕ್ಕೆ ಹೋಗುವ ಬ್ರೇಕ್ ಪೈಪನ್ನು ಮಡಚಿ, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದರು. ಮೇಲೆ ಕಪ್ಪು ಪೇಂಟ್ ಹೊಡೆದಿದ್ದರಿಂದ ಬಗ್ಗಿ ನೋಡಿದರೂ ತಟ್ಟನೆ ಕಾಣುತ್ತಿರಲಿಲ್ಲ. ಡ್ರಮ್ ಬಿಚ್ಚಿದರೆ ಒಳಗೆ ಲೈನರ್ ಎಲ್ಲ ಆಯಿಲ್ ಕುಡಿದು ಕಪ್ಪಾಗಿತ್ತು. ಮೆಕ್ಯಾನಿಕ್ ಎದ್ದು ನಿಂತು ಕೈ ಒರೆಸಿಕೊಂಡು ಹೇಳಿದ: "ಗೌಡ್ರೇ, ಇದಕ್ಕೆ ಮೂರೇ ಚಕ್ರಕ್ಕೆ ಬ್ರೇಕ್ ಇರೋದು."

ಗೌಡರು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರರು. ಆ ಕಾರು ಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ಅಷ್ಟರೊಳಗೆ ಒಮ್ಮೆ ತಾಯಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದಿದ್ದರು. ಮನೆ ಮುಂದಿನ ಏರಿನಲ್ಲಿ ಹ್ಯಾಂಡ್ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂತ ತೋರಿಸಲು ಗ್ಯಾರೇಜಿಗೆ ತಂದಿದ್ದರು, ಅಷ್ಟೆ. ಹ್ಯಾಂಡ್ ಬ್ರೇಕ್ ಸರಿಯಾಗಿದ್ದಿದ್ದರೆ ಆ ಪೈಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದು ಹೇಗೆ ಆಗುತ್ತದೆ ಅಂತ ತಿಳಿದುಕೊಳ್ಳಬೇಕು. ಹಿಂದಿನ ಚಕ್ರದೊಳಗೆ ವೀಲ್ ಸಿಲಿಂಡರ್ ಅಂತ ಒಂದು ಸಣ್ಣ ಭಾಗ ಇರುತ್ತದೆ. ಅದರ ರಬ್ಬರ್ ಹಳೆಯದಾದರೆ ಬ್ರೇಕ್ ಆಯಿಲ್ ಸೋರಲು ಶುರುವಾಗುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತದೆ. ಸರಿಯಾದ ದಾರಿ ಎಂದರೆ ಸಿಲಿಂಡರ್ ಬದಲಿಸಿ, ಲೈನರ್ ಹೊಸದು ಹಾಕಿ, ಏರ್ ತೆಗೆಯುವುದು. ಅಡ್ಡದಾರಿ ಎಂದರೆ ಆ ಚಕ್ರಕ್ಕೆ ಆಯಿಲ್ ಹೋಗದ ಹಾಗೆ ಪೈಪನ್ನೇ ಮುಚ್ಚಿಬಿಡುವುದು. ಸೋರಿಕೆ ನಿಂತಿತು. ಪೆಡಲ್ ಕಲ್ಲಿನಂತೆ ಗಟ್ಟಿ. ಕೊಳ್ಳಲು ಬಂದವನು ಒಂದು ಸುತ್ತು ಹೋಗಿ ಬಂದು "ಬ್ರೇಕ್ ಚೆನ್ನಾಗಿದೆ" ಅನ್ನುತ್ತಾನೆ. ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ಮುಂದಿನ ಚಕ್ರಗಳೇ ಹೊರುವುದರಿಂದ, ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಮಳೆ ಬಿದ್ದ ತಿರುವಿನಲ್ಲಿ ಎದುರಿಗೆ ಲಾರಿ ಬಂದು ಒಮ್ಮೆಲೇ ಒತ್ತಿದಾಗ ಹಿಂದೆ ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ಬಿಡುತ್ತದೆ, ಗಾಡಿ ಒಂದು ಕಡೆಗೆ ತಿರುಗುತ್ತದೆ.

ಮೆಕ್ಯಾನಿಕ್‌ಗಳನ್ನೆಲ್ಲ ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಕಾಡಿನ ರಸ್ತೆಯಲ್ಲಿ ರಾತ್ರಿ ಆಯಿಲ್ ಸೋರಿದಾಗ ಗಾಡಿಯನ್ನು ಹೇಗೋ ಊರು ಮುಟ್ಟಿಸಲು ಪೈಪ್ ಮಡಚಿದವರಿದ್ದಾರೆ. ಸ್ಪೇರ್ ಪಾರ್ಟ್ ಬರಲು ಎರಡು ದಿನ ಬೇಕು, ಗಿರಾಕಿಗೆ ಇವತ್ತೇ ಗಾಡಿ ಬೇಕು. ಅದೂ ನಿಜ. ಆದರೆ ತಾತ್ಕಾಲಿಕ ಕೆಲಸ ಮಾಡಿದವನು ಬಾಯಿ ಬಿಟ್ಟು ಹೇಳಬೇಕು. ಮೇಲೆ ಪೇಂಟ್ ಹೊಡೆದವನಿಗೆ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಅದು ತುರ್ತು ರಿಪೇರಿಯಲ್ಲ, ಮೋಸ. ಕೆಲವು ನೂರು ರೂಪಾಯಿಯ ಸಿಲಿಂಡರ್ ಹಾಕದೆ, ಹೊಸ ಸೀಟ್ ಕವರಿಗೆ ಸಾವಿರಗಟ್ಟಲೆ ಖರ್ಚು ಮಾಡಿ ಮಾರಿದ್ದಾರೆ ಅಂದರೆ ಏನು ಲೆಕ್ಕಾಚಾರ ನೋಡಿ!

ಮಾರಿದ್ದು ಜಿಲ್ಲಾ ಕೇಂದ್ರದ ಒಂದು ಕಾರ್ ಕನ್ಸಲ್ಟೆನ್ಸಿ. ಹೋಗಿ ಕೇಳಿದರೆ "ನಾವು ಮಧ್ಯದವರು, ಹಿಂದಿನ ಓನರ್ ಮಾಡಿಸಿರಬೇಕು" ಎಂದರು. ಕಮಿಷನ್ ತೆಗೆದುಕೊಳ್ಳುವಾಗ ಇವರು ಮಧ್ಯದವರಾಗಿರಲಿಲ್ಲ. ಕೊನೆಗೆ ರಿಪೇರಿ ಖರ್ಚಿನಲ್ಲಿ ಅರ್ಧ ಕೊಟ್ಟರು. ಗೌಡರು ಅಷ್ಟಕ್ಕೇ ಸುಮ್ಮನಾದರು, ಕಾಫಿ ಕುಯಿಲಿನ ಸಮಯ, ಓಡಾಡಲು ಪುರುಸೊತ್ತಿಲ್ಲ.

ಈಗ ಕಾನೂನಿನ ಕಡೆ ನೋಡೋಣ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ನೋಂದಣಿಯೇ 15 ವರ್ಷಕ್ಕೆ. ಅಲ್ಲಿಯವರೆಗೆ ಅದರ ಬ್ರೇಕನ್ನು ಸರ್ಕಾರದ ಕಡೆಯಿಂದ ಯಾರೂ ನೋಡಬೇಕಾಗಿಲ್ಲ. ನಡುವೆ ಅದು ನಾಲ್ಕು ಕೈ ಬದಲಾಗಬಹುದು. ಹೆಸರು ಬದಲಾವಣೆಗೆ ಫಾರಂ 29, ಫಾರಂ 30, ವಿಮೆ, ಹೊಗೆ ತಪಾಸಣೆ ಪತ್ರ ಎಲ್ಲ ಬೇಕು. ಹೊಗೆ ಎಷ್ಟು ಬಿಡುತ್ತದೆ ಅಂತ ಕೇಳುವ ವ್ಯವಸ್ಥೆ, ನಿಲ್ಲುತ್ತದೋ ಇಲ್ಲವೋ ಅಂತ ಕೇಳುವುದಿಲ್ಲ.

2023ರ ಏಪ್ರಿಲ್ 1ರಿಂದ ಹಳೆ ವಾಹನ ಮಾರುವ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪ್ರಮಾಣಪತ್ರ ಪಡೆಯಬೇಕು ಎಂಬ ಕೇಂದ್ರದ ನಿಯಮ ಬಂದಿದೆ. ಒಳ್ಳೆಯದೇ. ಆದರೆ ಅದರ ಗಮನ ಹೆಚ್ಚಾಗಿ ಕಾಗದ ಪತ್ರದ ಮೇಲೆ, ಗಾಡಿ ಯಾರ ಹೆಸರಲ್ಲಿದೆ, ಯಾರು ಹೊಣೆ ಎಂಬುದರ ಮೇಲೆ. ಇನ್ನೊಂದು ಕಡೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷ ಇರುವ ಅಪಾಯಕಾರಿ ವಾಹನ ಓಡಿಸಿದವರನ್ನೂ ಶಿಕ್ಷೆಗೆ ಒಳಪಡಿಸುತ್ತದೆ. ಅಂದರೆ ಆ ದಿನ ಘಾಟಿಯಲ್ಲಿ ಏನಾದರೂ ಆಗಿದ್ದರೆ ಮೊದಲು ಉತ್ತರ ಕೊಡಬೇಕಾಗಿದ್ದವರು ಗೌಡರು. ಪೈಪ್ ಮಡಚಿದವನನ್ನು ಹುಡುಕಿಕೊಂಡು ಯಾರು ಹೋಗುತ್ತಿದ್ದರು?

ನನ್ನ ಅಭಿಪ್ರಾಯ ಇಷ್ಟೇ. ಕಾರಿನ ಹೆಸರು ಬದಲಾಗುವಾಗ ಒಂದು ಬ್ರೇಕ್ ತಪಾಸಣೆ ಕಡ್ಡಾಯವಾಗಬೇಕು. ನಾಲ್ಕೂ ಚಕ್ರ ಬಿಚ್ಚಿ ನೋಡಲು ಒಬ್ಬ ಮೆಕ್ಯಾನಿಕ್‌ಗೆ ಒಂದು ಗಂಟೆ ಸಾಕು. ನೋಡಿದವರು ಸಹಿ ಹಾಕಬೇಕು, ಆ ಹಾಳೆ ಫಾರಂ 29ರ ಜೊತೆ ಹೋಗಬೇಕು. "ಬಡವನಿಗೆ ಇನ್ನೊಂದು ಖರ್ಚು, ಆರ್‌ಟಿಒದಲ್ಲಿ ಇನ್ನೊಂದು ಲಂಚದ ಬಾಗಿಲು" ಎನ್ನುವವರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಈ ಕೆಲಸ ಆರ್‌ಟಿಒ ಕೌಂಟರಿಗೆ ಹೋಗದೆ, ಖರ್ಚು ಕೊಳ್ಳುವವನ ತಲೆಗೆ ಬೀಳದೆ ಡೀಲರ್ ಮೇಲೆ ಇರಬೇಕು. ಲಾಭ ಮಾಡುವವರು ಅವರೇ ತಾನೆ.

ಅದು ಬರುವವರೆಗೆ ನಾವೇ ನೋಡಿಕೊಳ್ಳಬೇಕು. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಕಾರು ಕೊಳ್ಳುವಾಗ ಮಾತ್ರ ಹಾಡು ಹಾಕಿ ಸ್ಪೀಕರ್ ನೋಡುತ್ತೇವೆ!

ಇಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಕಡೆ ತೊಂದರೆ ಇರಬಹುದು. ಇಂಜಿನ್ ಓಡುತ್ತಿರುವಾಗ ಒಂದು ನಿಮಿಷ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಮೆಲ್ಲಗೆ ಕುಸಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಕೀಲಿ ತಿರುಗಿಸಿದಾಗ ಬ್ರೇಕ್ ದೀಪ, ಎಬಿಎಸ್ ದೀಪ ಒಮ್ಮೆ ಹತ್ತಿ, ಸ್ಟಾರ್ಟ್ ಆಗಿ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ದೋಷ ಮುಚ್ಚಿಡಲು ಬಲ್ಬನ್ನೇ ಕಿತ್ತಿರಬಹುದು. ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಸ್ಟೀರಿಂಗನ್ನು ಹಗುರವಾಗಿ ಹಿಡಿದು ಬ್ರೇಕ್ ಹಾಕಿ, ಯಾವ ಕಡೆಗಾದರೂ ಎಳೆಯುತ್ತದೆಯೇ ನೋಡಿ. ಇಷ್ಟೆಲ್ಲ ಮಾಡಿದರೂ ಮಡಚಿದ ಪೈಪ್ ಸಿಗದೇ ಇರಬಹುದು. ಅದಕ್ಕೆ ಚಕ್ರ ಬಿಚ್ಚಲೇಬೇಕು. ಅಡ್ವಾನ್ಸ್ ಕೊಡುವ ಮೊದಲೇ, ನಿಮ್ಮ ಪರಿಚಯದ ಮೆಕ್ಯಾನಿಕ್ ಕೈಯಲ್ಲಿ. ಬಿಚ್ಚಲು ಬಿಡುವುದಿಲ್ಲ ಅನ್ನುವವರ ಹತ್ತಿರ ಕಾರು ಕೊಳ್ಳಬೇಡಿ.

ಬ್ರೇಕ್ ಆಯಿಲ್ ಬಗ್ಗೆ ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಗಾಳಿಯ ತೇವ ಹೀರುತ್ತದೆ, ಮಲೆನಾಡಿನಲ್ಲಿ ತೇವಕ್ಕೇನು ಕಡಿಮೆಯೇ? ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಸೀದಾ ನೆಲ ಮುಟ್ಟುತ್ತದೆ. ಡಬ್ಬಿಯಲ್ಲಿ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದ್ದರೆ ಬದಲಿಸಿ. ಕಡಿಮೆಯಾಗಿದೆ ಅಂತ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರೆಲ್ಲ ಊದಿಕೊಂಡು ಹಾಳಾಗುತ್ತದೆ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರು ಇನ್ನೂ ಇದ್ದಾರೆ. ಇಂಜಿನ್ ನಿಂತರೆ ಬೂಸ್ಟರ್ ಶಕ್ತಿಯೂ ನಾಲ್ಕು ತುಳಿತಕ್ಕೆ ಮುಗಿಯುತ್ತದೆ.

ಈಗಾಗಲೇ ಮೋಸ ಹೋಗಿದ್ದರೆ ಕಳಚಿದ ಪೈಪು, ಸಿಲಿಂಡರ್, ಲೈನರ್ ಎಸೆಯಬೇಡಿ. ಬಿಚ್ಚುವಾಗಲೇ ಫೋನಿನಲ್ಲಿ ವಿಡಿಯೋ ಮಾಡಿ, ಮೆಕ್ಯಾನಿಕ್ ಹತ್ತಿರ ಕಂಡದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವ್ಯಾಪಾರಿಯಿಂದ ಕೊಂಡಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಪಕ್ಕದ ಊರಿನ ಪರಿಚಯದವರಿಂದ ನೇರವಾಗಿ ಕೊಂಡಿದ್ದರೆ ಈ ದಾರಿ ಸಿಗುವುದು ಕಷ್ಟ, ಏಕೆಂದರೆ ಅವರು ವ್ಯಾಪಾರಿಯಲ್ಲ. ಅಂಥ ಕಡೆ ದಾಕ್ಷಿಣ್ಯ ಬಿಟ್ಟು ಮೊದಲೇ ಚಕ್ರ ಬಿಚ್ಚಿಸಿ.