ಮೀನು ಬೆಳೆಯುತ್ತದೆ, ತೊಟ್ಟಿ ಬೆಳೆಯುವುದಿಲ್ಲ

ಮಳೆಗಾಲದ ಮೊದಲ ಕೆನ್ನೀರು ಹಳ್ಳಕ್ಕಿಳಿದೊಡನೆ ಹತ್ತುಮೀನು ಗದ್ದೆಗೇರುವುದನ್ನು ನೋಡುತ್ತ ಬೆಳೆದವರು ನಾವು. ಮೀನನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ನೋಡುವ ಹವ್ಯಾಸ ನಮ್ಮ ಊರುಗಳಿಗೆ ಬಂದದ್ದು ತೀರ ಈಚೆಗೆ. ಆ ಹವ್ಯಾಸವನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ನೀರಿನೊಳಗಿನ ಬದುಕನ್ನು ಹತ್ತಿರದಿಂದ ಕಂಡ ಮಗು ಮುಂದೆ ಹೊಳೆಯನ್ನೂ ಪ್ರೀತಿಸೀತು. ಆದರೆ ಯಾವ ಮೀನನ್ನು, ಎಷ್ಟು ನೀರಿನಲ್ಲಿ, ಯಾರ ಜೊತೆಗೆ ಸಾಕಬೇಕು ಎಂಬ ವಿವೇಚನೆಯಿಲ್ಲದೆ ತೊಟ್ಟಿ ಕೊಳ್ಳುವುದರ ಫಲವನ್ನು ಮೊದಲು ಮೀನು ಉಣ್ಣುತ್ತದೆ, ಆಮೇಲೆ ನಮ್ಮ ಹಳ್ಳ ಉಣ್ಣುತ್ತದೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಮಗಳ ಹಟಕ್ಕೆ ಮಣಿದು ಪೇಟೆಯ ಅಂಗಡಿಯೊಂದರಿಂದ ಎರಡು ಅಡಿಯ ತೊಟ್ಟಿ, ನಾಲ್ಕು ಗೋಲ್ಡ್‌ಫಿಶ್ ಮತ್ತು ಬೆರಳುದ್ದದ ಎರಡು ‘ಶಾರ್ಕ್’ ಮರಿಗಳನ್ನು ತಂದೆ. “ತೊಟ್ಟಿ ಎಷ್ಟಿದೆಯೋ ಅಷ್ಟೇ ಬೆಳೆಯುತ್ತವೆ, ಚಿಂತೆ ಬೇಡ” ಎಂದು ಅಂಗಡಿಯಾತ ಭರವಸೆ ಕೊಟ್ಟಿದ್ದ. ವರ್ಷ ತಿರುಗುವುದರೊಳಗೆ ಅವು ಮುಕ್ಕಾಲು ಅಡಿ ದಾಟಿದವು. ದೀಪ ಹಾಕಿದರೆ ಬೆಚ್ಚಿ ಗಾಜಿಗೆ ಮೂತಿ ಬಡಿದುಕೊಂಡು ಗಾಯ ಮಾಡಿಕೊಳ್ಳುತ್ತಿದ್ದವು. ಆಷಾಢದ ಗಾಳಿಮಳೆಗೆ ಮೂರು ದಿನ ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಗೋಲ್ಡ್‌ಫಿಶ್‌ಗಳು ಒಂದೊಂದಾಗಿ ತೇಲಿದವು. ಅಂಗಡಿಯಾತ ಉಳಿದೆರಡನ್ನು ವಾಪಸು ಪಡೆಯಲು ಒಪ್ಪಲಿಲ್ಲ. “ಹಳ್ಳಕ್ಕೆ ಬಿಡಿ ಮಾರಾಯ್ರೆ, ಪುಣ್ಯ ಬರುತ್ತದೆ” ಎಂದರು ನೆರೆಮನೆಯವರು. ಬಕೆಟ್ ಹಿಡಿದು ದಂಡೆಯವರೆಗೂ ಹೋದೆ. “ಅಪ್ಪಯ್ಯ, ಇದು ನಮ್ಮ ಹಳ್ಳದ ಮೀನನ್ನೆಲ್ಲ ತಿಂದರೆ?” ಎಂಬ ಮಗಳ ಪ್ರಶ್ನೆ ನನ್ನನ್ನು ಹಿಂದಕ್ಕೆ ಕರೆತಂದಿತು. ಕೊನೆಗೆ ಹಳ್ಳದ ಸಂಪರ್ಕವಿಲ್ಲದ ದೊಡ್ಡ ಸಿಮೆಂಟ್ ತೊಟ್ಟಿ ಇದ್ದ ಪರಿಚಿತರೊಬ್ಬರು ಅವನ್ನು ಒಯ್ದರು.

ಆ ಮೀನು ಶಾರ್ಕ್ ಅಲ್ಲವೇ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ಮೊದಲಾದ ಮಹಾನದಿಗಳ ಪಂಗಾಸಿಯಸ್ ಎಂಬ ಬೆಕ್ಕುಮೀನು. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಆಹಾರಕ್ಕೆಂದು ಕೆರೆಗಳಲ್ಲಿ ಸಾಕುವ ಜಾತಿಯದು. ‘ತೊಟ್ಟಿಗೆ ತಕ್ಕಷ್ಟೇ ಬೆಳೆಯುತ್ತದೆ’ ಎಂಬ ಮಾತು ಅರ್ಧಸತ್ಯವೂ ಅಲ್ಲ. ಇಕ್ಕಟ್ಟಿನಲ್ಲಿ, ತನ್ನದೇ ಕಲ್ಮಷದ ನಡುವೆ ಮೀನಿನ ಬೆಳವಣಿಗೆ ಕುಂಠಿತವಾಗುವುದುಂಟು. ಅದು ಹೊಂದಾಣಿಕೆಯಲ್ಲ, ರೋಗ. ಅಂಥ ಮೀನು ಅಲ್ಪಾಯುವಾಗುತ್ತದೆ.

ಹಾಗಾದರೆ ಎಷ್ಟು ದೊಡ್ಡ ತೊಟ್ಟಿ ಬೇಕು? ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 60, 30, 30ರ ತೊಟ್ಟಿಯಲ್ಲಿ ಹಿಡಿಯುವುದು 54 ಲೀಟರ್ ಮಾತ್ರ. ಇಷ್ಟು ಅಂಗುಲ ಮೀನಿಗೆ ಇಷ್ಟು ನೀರು ಎಂಬ ಅಂಗಡಿಯ ಸೂತ್ರ ಸಣ್ಣ ಮೀನುಗಳಿಗೆ ಹೇಗೋ ನಡೆದೀತು, ದೊಡ್ಡವಕ್ಕೆ ನಡೆಯದು. ಮೀನಿನ ಉದ್ದ ಮೂರು ಪಟ್ಟಾದರೆ ತೂಕ ಸುಮಾರು ಇಪ್ಪತ್ತೇಳು ಪಟ್ಟಾಗುತ್ತದೆ, ಅದಕ್ಕೆ ತಕ್ಕಂತೆ ಮೇವೂ ಮಲವೂ ಹೆಚ್ಚುತ್ತವೆ. ಆದ್ದರಿಂದ ಅಂಗಡಿಯಲ್ಲಿ ಕಾಣುವ ಮರಿಯನ್ನಲ್ಲ, ಪೂರ್ಣ ಬೆಳೆದ ಮೀನನ್ನು ಕಣ್ಣೆದುರಿಗೆ ತಂದುಕೊಂಡು ಲೆಕ್ಕ ಹಾಕಬೇಕು. ನಾನೀಗ ಅನುಸರಿಸುವ ಅಳತೆ ಇದು: ತೊಟ್ಟಿಯ ಉದ್ದ ಬೆಳೆದ ಮೀನಿನ ನಾಲ್ಕು ಪಟ್ಟು, ಅಗಲ ಅದರ ಒಂದೂವರೆ ಪಟ್ಟು. ಮೀನು ಬೆನ್ನು ಬಾಗಿಸದೆ ಹೊರಳುವಂತಿರಬೇಕು.

ಈ ಅಳತೆಯಂತೆ, ಒಂದಡಿ ಬೆಳೆಯುವ ಆಸ್ಕರ್ ಮೀನು ಒಂದಕ್ಕೇ 120, 50, 50ರ ತೊಟ್ಟಿ, ಅಂದರೆ 300 ಲೀಟರ್ ನೀರು ಬೇಕು. ಬಟ್ಟಲಿನಲ್ಲಿಟ್ಟು ಮಾರುವ ಸಾಧಾರಣ ಗೋಲ್ಡ್‌ಫಿಶ್ ಕೂಡ ಅನುಕೂಲ ಸಿಕ್ಕರೆ ಒಂದಡಿಯ ಹತ್ತಿರ ಬೆಳೆಯುತ್ತದೆ. ಮೂರಡಿಯ ಅರೋವಾನಾಕ್ಕೆ ಹನ್ನೆರಡು ಅಡಿಯ ತೊಟ್ಟಿ ಬೇಕಾಗುತ್ತದೆ. ಕೆಂಪು ಬಾಲದ ಬೆಕ್ಕುಮೀನು, ಅರಪೈಮಾ, ಅಲಿಗೇಟರ್ ಗಾರ್‌ಗಳಿಗೆ ತಕ್ಕ ತೊಟ್ಟಿ ಯಾರ ಮನೆಯಲ್ಲಿಯೂ ಇರುವುದು ಸಾಧ್ಯವಿಲ್ಲ. ಇವನ್ನು ಮಾರುವುದೇ ತಪ್ಪೆಂದು ನನ್ನ ಅಭಿಪ್ರಾಯ.

ಮಲೆನಾಡಿನವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. 300 ಲೀಟರ್ ನೀರೆಂದರೆ 300 ಕಿಲೋ ಭಾರ, ಗಾಜು ಮತ್ತು ಜಲ್ಲಿಯದು ಬೇರೆ. ಮರದ ಅಟ್ಟದ ಮೇಲೆ ಅದನ್ನಿಡಲಾಗದು. ಎರಡನೆಯದು ಕರೆಂಟ್. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷವನ್ನು ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ಕಡಿಮೆ ಅಪಾಯದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು, ಅಷ್ಟರೊಳಗೆ ತೊಟ್ಟಿ ತುಂಬಿಸಬಾರದು. ಫಿಲ್ಟರ್ ನಿಂತರೆ ಅವೂ ಉಸಿರುಗಟ್ಟುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟಿಲ್ಲದ ದಿನಗಳಲ್ಲಿ ಮೇವು ಹಾಕದಿರಿ. ಬೆಳೆದ, ಆರೋಗ್ಯವಂತ ಮೀನು ಕೆಲವು ದಿನ ಉಪವಾಸವಿರಬಲ್ಲದು.

ಇನ್ನು ಜೊತೆಗಾರರ ವಿಷಯ. ಬಣ್ಣ ನೋಡಿ ಸಂಸಾರ ಕಟ್ಟುವುದು ನಮ್ಮ ಸಾಮಾನ್ಯ ತಪ್ಪು. ಮೀನಿನ ಲೋಕದ ಮೊದಲ ನಿಯಮ ಸರಳ: ಬಾಯಲ್ಲಿ ಹಿಡಿಯುವುದೆಲ್ಲ ಆಹಾರ. ಆಸ್ಕರ್ ಜೊತೆ ಟೆಟ್ರಾ ಬಿಟ್ಟರೆ ಬೆಳಗಾಗುವುದರೊಳಗೆ ಟೆಟ್ರಾ ಇರುವುದಿಲ್ಲ. ಮುಳ್ಳುಳ್ಳ ಸಣ್ಣ ಬೆಕ್ಕುಮೀನನ್ನು ಬಿಟ್ಟರೆ ಅದು ಗಂಟಲಲ್ಲಿ ಸಿಕ್ಕಿ ಎರಡೂ ಸಾಯಬಹುದು. ಎರಡನೆಯದು ನೀರಿನ ಗುಣ. ಗೋಲ್ಡ್‌ಫಿಶ್‌ಗೆ ತಣ್ಣೀರು ಹಿತ, ಡಿಸ್ಕಸ್ ಮೀನಿಗೆ 28 ಡಿಗ್ರಿಯ ಬಿಸುಪು ಬೇಕು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರೀಯ ನೀರು ಬೇಕು, ನಮ್ಮ ಒರತೆಯ ಮೆದು ನೀರು ಒಗ್ಗದು. ಮೂರನೆಯದು ಸ್ವಭಾವ. ಗಡಿ ಕಟ್ಟಿಕೊಂಡು ಕಾದಾಡುವ ಜಾತಿಗಳಿವೆ. ಟೈಗರ್ ಬಾರ್ಬ್‌ನಂತೆ ನಿಧಾನ ಮೀನುಗಳ ರೆಕ್ಕೆ ಕಚ್ಚುವ ಜಾತಿಗಳಿವೆ. ‘ಗಾಜು ತೊಳೆಯುತ್ತದೆ’ ಎಂದು ಕೊಡುವ ಸಕ್ಕರ್ ಮೀನು ಒಂದಡಿಗೂ ಮೀರಿ ಬೆಳೆದು, ರಾತ್ರಿ ಹೊತ್ತು ಇತರ ಮೀನುಗಳ ಮೈಯ ಲೋಳೆಯನ್ನೇ ಹೀರತೊಡಗಬಹುದು.

ನಮ್ಮದೇ ಘಟ್ಟದ ಉದಾಹರಣೆಯೊಂದಿದೆ. ‘ಮಿಸ್ ಕೇರಳ’ ಎಂದು ಹೆಸರಾದ, ಕೆಂಪು ಗೆರೆಯ ಡೆನಿಸನ್ ಬಾರ್ಬ್. ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ತೊರೆಗಳಲ್ಲಲ್ಲದೆ ಪ್ರಪಂಚದಲ್ಲಿ ಬೇರೆಲ್ಲೂ ಸ್ವಾಭಾವಿಕವಾಗಿ ಇಲ್ಲ. ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಅಕ್ವೇರಿಯಂ ವ್ಯಾಪಾರಕ್ಕಾಗಿ ತೊರೆಗಳಿಂದ ಬಾಚಿದ್ದರ ಪರಿಣಾಮವಾಗಿ ಇದಿಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಗೇಣುದ್ದದ ಈ ಮೀನಿಗೂ ಹರಿವಿರುವ ತಂಪು ನೀರು, ಕನಿಷ್ಠ ನಾಲ್ಕಡಿಯ ತೊಟ್ಟಿ ಮತ್ತು ತನ್ನ ಜಾತಿಯ ಆರಾದರೂ ಸಂಗಾತಿಗಳು ಬೇಕು. ಒಂಟಿಯಾಗಿಟ್ಟರೆ ಹೆದರಿ ಮೂಲೆ ಸೇರುತ್ತದೆ. ಸಾಕುವವರು ತೊರೆಯಿಂದ ಹಿಡಿದದ್ದನ್ನು ಕೊಳ್ಳಲೇಬಾರದು.

ಸಾಕಲಾಗದ ಮೀನು ಹೊಳೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಗಳಿವೆ. 2018ರ ಮಹಾಪ್ರವಾಹದ ನಂತರ ಕೇರಳದ ಚಾಲಕ್ಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿತು. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಅಮೆರಿಕದ ಅಲಿಗೇಟರ್ ಗಾರ್ ಕಾಣಿಸಿಕೊಂಡಿತು. ಸಕ್ಕರ್ ಮೀನಂತೂ ದೇಶದ ಅನೇಕ ಕೆರೆ, ಹೊಳೆಗಳಲ್ಲಿ ಬೇರೂರಿ ಬಲೆ ಹರಿಯುತ್ತಿದೆ. ಪರಕೀಯ ಮೀನು ತನ್ನ ರೋಗವನ್ನೂ ಹೊತ್ತು ತರುತ್ತದೆ. ಬಿಡುವುದು ಪುಣ್ಯವಲ್ಲ.

ಆದ್ದರಿಂದ ನನ್ನ ಆಗ್ರಹ ಇಷ್ಟು. ಅಂಗಡಿಯ ಪ್ರತಿ ತೊಟ್ಟಿಯ ಮೇಲೆ ಬೆಲೆಯ ಜೊತೆಗೆ ಪೂರ್ಣ ಬೆಳೆದ ಮೀನಿನ ಅಳತೆಯನ್ನೂ ಬರೆಯಬೇಕು. ಮಾರಿದವರು ಬೆಳೆದ ಮೀನನ್ನು ವಾಪಸು ಪಡೆಯಬೇಕು. ಕಾನೂನು ಬರುವವರೆಗೆ ಕೊಳ್ಳುವವರಾದ ನಾವೇ ಕೇಳೋಣ, ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ಹಿಂದಿರುಗೋಣ. ವಿದ್ಯಾರ್ಥಿ ಮಿತ್ರರೇ, ಎರಡಡಿಯ ತೊಟ್ಟಿಯಿದ್ದರೆ ಬೆರಳುದ್ದ ಮೀರದ ಮೀನುಗಳ ಒಂದು ಸಣ್ಣ ಗುಂಪನ್ನು ಸಾಕಿ. ದೊಡ್ಡ ಮೀನನ್ನು ನೋಡುವ ಆಸೆಯಿದ್ದರೆ ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೋ ಶಿಶಿಲದ ಹೊಳೆಯ ದಂಡೆಯಲ್ಲೋ ಒಂದು ಗಳಿಗೆ ಕುಳಿತುಕೊಳ್ಳಿ. ದೊಡ್ಡ ಮೀನಿಗೆ ತಕ್ಕ ತೊಟ್ಟಿಯನ್ನು ನಾವು ಕಟ್ಟಬೇಕಾಗಿಲ್ಲ. ಅದು ಈಗಾಗಲೇ ನಮ್ಮೂರಿನಲ್ಲಿ ಹರಿಯುತ್ತಿದೆ, ಅದನ್ನು ಕೆಡಿಸದೆ ಉಳಿಸಿಕೊಂಡರೆ ಸಾಕು.